ಸೇನೆಯ ರಾಜಕೀಯ ವಿಭಾಗದಿಂದ ಶಾಸನಾಧ್ಯಯನಕ್ಕೆ : ಗುವೊ ಮೊರುವೊ ಅವರ ಬದುಕಿನ ಎರಡು ನಿರ್ಗಮನಗಳು

1. ಪ್ರವೇಶ

ಆಧುನಿಕ ಚೀನೀ ಸಾಹಿತ್ಯದ ಚರಿತ್ರೆಯಲ್ಲಿ ಗುವೊ ಮೊರುವೊ (1892-1978) ಅವರ ಹೆಸರು ಒಂದಕ್ಕಿಂತ ಹೆಚ್ಚು ಅಧ್ಯಾಯಗಳಲ್ಲಿ ಬರುತ್ತದೆ. ಹೊಸಕಾವ್ಯದ ಅಧ್ಯಾಯದಲ್ಲಿ ಅವರು ಕವಿ. ರಂಗಭೂಮಿಯ ಅಧ್ಯಾಯದಲ್ಲಿ ಐತಿಹಾಸಿಕ ನಾಟಕಕಾರ. ಅನುವಾದದ ಅಧ್ಯಾಯದಲ್ಲಿ ಗಯಟೆಯನ್ನು ಚೀನೀ ಭಾಷೆಗೆ ತಂದವರು. ಪ್ರಾಚೀನ ಲಿಪಿಗಳ ಅಧ್ಯಯನದಲ್ಲಿ ಮೊದಲ ಸಾಲಿನ ವಿದ್ವಾಂಸ. 1949ರಿಂದ ಕೊನೆಯುಸಿರಿನವರೆಗೂ ಅವರು ಚೀನೀ ವಿಜ್ಞಾನ ಅಕಾಡೆಮಿಯ ಅಧ್ಯಕ್ಷರಾಗಿದ್ದರು. ಈ ಪಾತ್ರಗಳ ನಡುವೆ ಅಷ್ಟಾಗಿ ಚರ್ಚೆಗೆ ಒಳಗಾಗದ ಇನ್ನೊಂದು ಪಾತ್ರವಿದೆ. ಅದು ಸೇನೆಯ ರಾಜಕೀಯ ವಿಭಾಗದ ಅಧಿಕಾರಿಯ ಪಾತ್ರ. 1926-27ರಲ್ಲಿ ಒಮ್ಮೆ, 1938-40ರಲ್ಲಿ ಇನ್ನೊಮ್ಮೆ ಅವರು ಈ ಹೊಣೆಯನ್ನು ಹೊತ್ತರು. ಎರಡು ಸಲವೂ ಅದನ್ನು ಬಿಟ್ಟು ನಾಗರಿಕ ಬದುಕಿಗೆ ಮರಳಿದರು.

ಸಮವಸ್ತ್ರವನ್ನು ಕಳಚಿದ ವ್ಯಕ್ತಿ ಅಲ್ಲಿ ಕಲಿತ ಕೆಲಸದ ರೂಢಿಯನ್ನೂ ಕಳಚುತ್ತಾನೆಯೇ ಎಂಬ ಪ್ರಶ್ನೆಯನ್ನು ಗುವೊ ಅವರ ಬದುಕು ನಮ್ಮ ಮುಂದಿಡುತ್ತದೆ. ಮೊದಲ ನಿರ್ಗಮನ ಸೋಲಿನಿಂದ ಒದಗಿದ್ದು. ಅದು ಅವರನ್ನು ಸಂಘಟನೆಯಿಲ್ಲದ, ಪದವಿಯಿಲ್ಲದ ಪರದೇಶವಾಸಕ್ಕೆ ತಳ್ಳಿತು. ಎರಡನೆಯದು ಹಂತಹಂತವಾಗಿ ನಡೆದು ದೇಶದ ಅತ್ಯುನ್ನತ ವಿದ್ವತ್ ಪದವಿಯಲ್ಲಿ ಮುಗಿಯಿತು. ಈ ಎರಡರ ಫಲಿತಗಳು ಒಂದೇ ತೆರನಾಗಿಲ್ಲ. ಆ ವ್ಯತ್ಯಾಸವನ್ನು ಗುರುತಿಸಲು ಪ್ರಸ್ತುತ ಲೇಖನದಲ್ಲಿ ಪ್ರಯತ್ನಿಸಲಾಗಿದೆ.

2. ವೈದ್ಯಶಿಕ್ಷಣ ಮತ್ತು ಕಾವ್ಯ

ಗುವೊ ಮೊರುವೊ ಅವರ ಹುಟ್ಟುಹೆಸರು ಗುವೊ ಕೈಝೆನ್. ಸಿಚುವಾನ್ ಪ್ರಾಂತದ ಲೆಶಾನ್ ಬಳಿಯ ಶಾವಾನ್ ಎಂಬಲ್ಲಿ 1892ರ ನವೆಂಬರ್ 16ರಂದು ಜನಿಸಿದರು. ಮುಂದೆ ಅವರು ಧರಿಸಿದ 'ಮೊರುವೊ' ಎಂಬ ಕಾವ್ಯನಾಮ ತಮ್ಮ ಸೀಮೆಯ ಎರಡು ನದಿಗಳ ಪ್ರಾಚೀನ ಹೆಸರುಗಳ ಕೂಡಿಕೆ. ಎಳೆಯ ವಯಸ್ಸಿನಲ್ಲಿ ಬಂದ ವಿಷಮಶೀತಜ್ವರ ಅವರ ಶ್ರವಣಶಕ್ತಿಯನ್ನು ಕುಂದಿಸಿತು. 1914ರಲ್ಲಿ ಜಪಾನಿಗೆ ಹೋದ ಅವರು ಒಕಾಯಾಮದಲ್ಲಿ ಓದಿ, ಅನಂತರ ಫುಕುವೊಕಾದ ಕ್ಯೂಶೂ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿ 1923ರಲ್ಲಿ ಪದವಿ ಪಡೆದರು. ಆದರೆ ಎದೆಗೂಡಿನ ಸದ್ದನ್ನು ಕಿವಿಗೊಟ್ಟು ಗುರುತಿಸಲಾಗದವರು ವೈದ್ಯರಾಗುವುದು ಕಷ್ಟ. ಕಲಿತ ವೃತ್ತಿಯನ್ನು ಅವರು ಕೈಗೊಳ್ಳಲೇ ಇಲ್ಲ.

ಜಪಾನಿನ ವಿದ್ಯಾರ್ಥಿದೆಸೆಯಲ್ಲಿ ಅವರನ್ನು ಮೊದಲು ಸೆಳೆದ ಕವಿಗಳಲ್ಲಿ ರವೀಂದ್ರನಾಥ ಠಾಕೂರರು ಒಬ್ಬರು. ಬಳಿಕ ವಿಟ್ಮನ್ ಮತ್ತು ಗಯಟೆ ಅವರ ಪ್ರಭಾವಕ್ಕೂ ಒಳಗಾದರು. 1921ರಲ್ಲಿ ಪ್ರಕಟವಾದ 'ದೇವಿಯರು' ಸಂಕಲನ ಚೀನೀ ಹೊಸಕಾವ್ಯಕ್ಕೆ ಅದುವರೆಗೆ ಇರದಿದ್ದ ಆವೇಶವನ್ನು ತಂದುಕೊಟ್ಟಿತು. ಅದೇ ವರ್ಷ ಯೂ ದಾಫು, ಚೆಂಗ್ ಫಾಂಗ್‌ವೂ ಮುಂತಾದ ಗೆಳೆಯರೊಡಗೂಡಿ 'ಸೃಷ್ಟಿ ಸಂಘ'ವನ್ನು ಕಟ್ಟಿದರು. ಠಾಕೂರರು 1924ರಲ್ಲಿ ಚೀನಾಕ್ಕೆ ಬರುವ ಹೊತ್ತಿಗೆ ಗುವೊ ಅವರ ನಿಲುವು ಬದಲಾಗಿತ್ತು. ಹಸಿವು ಮತ್ತು ಅನ್ಯಾಯಗಳ ನಾಡಿಗೆ ಆ ದರ್ಶನದಿಂದ ಪ್ರಯೋಜನವಿಲ್ಲವೆಂದು ಅವರು 1923ರಲ್ಲೇ ವಾದಿಸಿದ್ದರು. 1924ರಲ್ಲಿ ಜಪಾನಿನ ಅರ್ಥಶಾಸ್ತ್ರಜ್ಞ ಕವಾಕಾಮಿ ಹಾಜಿಮೆ ಅವರ ಕೃತಿಯನ್ನು ಅನುವಾದಿಸುತ್ತ ಮಾರ್ಕ್ಸ್‌ವಾದದತ್ತ ಹೊರಳಿದರು. ವ್ಯಕ್ತಿನಿಷ್ಠ ಕಾವ್ಯದಿಂದ ಸಮೂಹದ ಮಾತಿನತ್ತ ನಡೆದ ಈ ಪಲ್ಲಟವೇ ಅವರನ್ನು ಸೈನ್ಯದ ಬಾಗಿಲಿಗೆ ತಂದಿತು.

3. ಉತ್ತರ ದಂಡಯಾತ್ರೆಯಲ್ಲಿ

1926ರ ಮಾರ್ಚ್‌ನಲ್ಲಿ ಗುವೊ ಅವರು ಗುವಾಂಗ್‌ಝೌ ನಗರದ ವಿಶ್ವವಿದ್ಯಾಲಯದಲ್ಲಿ ಕಲಾವಿಭಾಗದ ಮುಖ್ಯಸ್ಥರಾದರು. ಆ ನಗರ ಆಗ ಕುವೊಮಿಂಟಾಂಗ್ ಮತ್ತು ಕಮ್ಯೂನಿಸ್ಟ್ ಪಕ್ಷಗಳ ಮೈತ್ರಿಯ ಕೇಂದ್ರ. ಸೋವಿಯತ್ ನೆರವಿನಿಂದ 1924ರಲ್ಲಿ ಅಲ್ಲಿ ಆರಂಭವಾದ ವ್ಹಾಂಪೊವಾ ಸೈನಿಕ ಶಾಲೆಯಲ್ಲಿ ರಾಜಕೀಯ ವಿಭಾಗವೊಂದನ್ನು ತೆರೆಯಲಾಗಿತ್ತು. ಕೂಲಿಗಾಗಿ ಹೋರಾಡುವ ದಂಡುನಾಯಕರ ಪಡೆಗಳಿಗಿಂತ ಭಿನ್ನವಾದ, ತಾನು ಏಕೆ ಹೋರಾಡುತ್ತಿದ್ದೇನೆಂದು ಬಲ್ಲ ಸೈನಿಕನನ್ನು ರೂಪಿಸುವುದು ಅದರ ಉದ್ದೇಶ. ಆ ವ್ಯವಸ್ಥೆಯನ್ನೇ ಮುಂದೆ ಇಡೀ ರಾಷ್ಟ್ರೀಯ ಕ್ರಾಂತಿಸೇನೆಗೆ ವಿಸ್ತರಿಸಲಾಯಿತು.

1926ರ ಜುಲೈಯಲ್ಲಿ ಆ ಸೇನೆ ಉತ್ತರದ ದಂಡುನಾಯಕರ ಮೇಲೆ ದಂಡೆತ್ತಿ ಹೊರಟಾಗ ಗುವೊ ಅವರು ಅಧ್ಯಾಪನವನ್ನು ಬಿಟ್ಟು ಪ್ರಧಾನ ರಾಜಕೀಯ ವಿಭಾಗವನ್ನು ಸೇರಿದರು. ವಿಭಾಗದ ನಿರ್ದೇಶಕರು ಡೆಂಗ್ ಯಂಡಾ. ಗುವೊ ಅವರು ಮೊದಲು ಪ್ರಚಾರಶಾಖೆಯ ಮುಖ್ಯಸ್ಥರಾಗಿದ್ದು, ಬಳಿಕ ಉಪನಿರ್ದೇಶಕರಾದರು. ಗೋಡೆಬರಹ, ಕರಪತ್ರ, ಹಾಡು, ಭಾಷಣಗಳ ಮೂಲಕ ಸೈನ್ಯದ ಉದ್ದೇಶವನ್ನು ದಾರಿಯ ಹಳ್ಳಿಗಳಿಗೆ ತಿಳಿಸುವುದು, ರೈತರ ಮತ್ತು ಕಾರ್ಮಿಕರ ಸಂಘಗಳೊಡನೆ ಸಂಪರ್ಕ ಬೆಳೆಸುವುದು, ಸೈನಿಕರಿಗೆ ರಾಜಕೀಯ ಪಾಠ ಹೇಳುವುದು ಈ ವಿಭಾಗದ ನಿತ್ಯದ ಕೆಲಸವಾಗಿತ್ತು. ವೂಚಾಂಗ್ ನಗರದ ಮುತ್ತಿಗೆಯಲ್ಲಿ ಅವರು ಸೈನ್ಯದೊಂದಿಗಿದ್ದರು. ಆ ಕೋಟೆ 1926ರ ಅಕ್ಟೋಬರ್ 10ರಂದು ವಶವಾಯಿತು.

ಈ ಕೆಲಸದಿಂದ ಅವರ ಬರವಣಿಗೆಗೆ ಒದಗಿದ ಗುಣಗಳು ಸ್ಪಷ್ಟವಾಗಿವೆ. ಕಡಿಮೆ ಸಮಯದಲ್ಲಿ ಬರೆಯುವುದು, ಸಂಕೀರ್ಣ ವಿಷಯವನ್ನು ವಿಂಗಡಿಸಿ ಹೇಳುವುದು, ಬೇರೆ ಬೇರೆ ಸ್ವಭಾವದ ಜನರನ್ನು ಒಂದು ಕಾರ್ಯಕ್ಕೆ ಜೋಡಿಸುವುದು ಅವರಿಗೆ ಕರಗತವಾದವು. ಆದರೆ ಇದರೊಡನೆ ಇನ್ನೊಂದು ರೂಢಿಯೂ ಬೆಳೆಯುವ ಸಾಧ್ಯತೆಯಿತ್ತು. ರಾಜಕೀಯ ವಿಭಾಗದಲ್ಲಿ ಬರೆಯುವವನು ತನ್ನ ಪರವಾಗಿ ಬರೆಯುವುದಿಲ್ಲ; ಸಂಘಟನೆ ತಳೆದ ನಿಲುವಿಗೆ ಮಾತು ಒದಗಿಸುತ್ತಾನೆ. ನಿಲುವು ಬದಲಾದಾಗ ಮಾತೂ ಬದಲಾಗಬೇಕಾಗುತ್ತದೆ.

ಇಂಥ ಪರೀಕ್ಷೆ ಬಹುಬೇಗ ಎದುರಾಯಿತು. 1927ರ ಆರಂಭದಲ್ಲಿ ಗುವೊ ಅವರು ಚಿಯಾಂಗ್ ಕೈ-ಶೆಕ್ ಅವರ ಮುಖ್ಯಠಾಣೆಯ ಜೊತೆಗಿದ್ದರು. ಕಾರ್ಮಿಕ ಮತ್ತು ರೈತ ಸಂಘಟನೆಗಳ ಮೇಲೆ ನಡೆದ ದಾಳಿಗಳನ್ನು ಹತ್ತಿರದಿಂದ ಕಂಡರು. ಮಾರ್ಚ್ 31ರಂದು ನಾಂಚಾಂಗ್‌ನಲ್ಲಿ, ಝೂ ಡೆ ಅವರ ಮನೆಯಲ್ಲಿದ್ದುಕೊಂಡು, ಚಿಯಾಂಗ್ ಅವರನ್ನು ಕ್ರಾಂತಿದ್ರೋಹಿಯೆಂದು ಆಪಾದಿಸುವ ಲೇಖನವೊಂದನ್ನು ಬರೆದರು. ಏಪ್ರಿಲ್ 12ರಂದು ಶಾಂಘಾಯಿಯಲ್ಲಿ ಕಮ್ಯೂನಿಸ್ಟರ ಹತ್ಯೆ ಆರಂಭವಾಯಿತು. ಸೇನಾಧಿಪತಿಯ ಮಾತಾಗಬೇಕಿದ್ದ ಅಧಿಕಾರಿ ಸೇನಾಧಿಪತಿಯ ವಿರುದ್ಧವೇ ಮಾತಾಡಿದ್ದು ಅವರ ಸೈನಿಕ ಜೀವನದ ಅತ್ಯಂತ ದಿಟ್ಟ ಕ್ಷಣ. ಗುವೊ ಅವರ ಬಂಧನಕ್ಕೆ ಆದೇಶ ಹೊರಟಿತು. ಆಗಸ್ಟ್ 1ರ ನಾಂಚಾಂಗ್ ದಂಗೆಯ ಬೆನ್ನಿಗೇ ಬಂಡಾಯದ ಸೇನೆಯನ್ನು ಕೂಡಿಕೊಂಡ ಅವರು, ದಕ್ಷಿಣಕ್ಕೆ ಹಿಮ್ಮೆಟ್ಟುವ ಹಾದಿಯಲ್ಲಿ ಕಮ್ಯೂನಿಸ್ಟ್ ಪಕ್ಷದ ಸದಸ್ಯರಾದರು. ಗುವಾಂಗ್‌ಡಾಂಗ್ ಪ್ರಾಂತದಲ್ಲಿ ಆ ಸೇನೆ ಚದುರಿಹೋಯಿತು. ಹಾಂಗ್‌ಕಾಂಗ್ ಮೂಲಕ ಶಾಂಘಾಯಿ ತಲುಪಿ, ಅಲ್ಲಿ ಕಾಯಿಲೆಯಿಂದ ಚೇತರಿಸಿಕೊಂಡು, 1928ರ ಫೆಬ್ರವರಿಯಲ್ಲಿ ಸುಳ್ಳು ಹೆಸರಿನಲ್ಲಿ ಜಪಾನಿಗೆ ಹಡಗು ಹತ್ತಿದರು.

4. ಇಚಿಕಾವಾದ ಹತ್ತು ವರ್ಷಗಳು

ಟೋಕಿಯೋ ಸಮೀಪದ ಇಚಿಕಾವಾದಲ್ಲಿ ಗುವೊ ಅವರು ಜಪಾನೀ ಪತ್ನಿ ಸಾತೊ ತೊಮಿಕೊ ಮತ್ತು ಮಕ್ಕಳೊಂದಿಗೆ ನೆಲೆಸಿದರು. ಪೊಲೀಸರ ಕಣ್ಗಾವಲು ನಿರಂತರವಾಗಿತ್ತು. 1928ರಲ್ಲೇ ಒಮ್ಮೆ ಅವರನ್ನು ಹಿಡಿದೊಯ್ದು ವಿಚಾರಣೆ ನಡೆಸಿ ಬಿಟ್ಟಿದ್ದರು. ಸೃಷ್ಟಿ ಸಂಘದಿಂದ ಬರುತ್ತಿದ್ದ ಹಣ, 1929ರಲ್ಲಿ ಚೀನಾದಲ್ಲಿ ಆ ಸಂಘವನ್ನು ಮುಚ್ಚಿಸಿದಾಗ ನಿಂತಿತು. ಪಕ್ಷದೊಡನೆ ಸಂಪರ್ಕ ಕಡಿದಿತ್ತು. ಅನುವಾದ ಮತ್ತು ಆತ್ಮಕಥನಗಳನ್ನು ಬರೆದು ಸಂಸಾರ ಸಾಗಿಸಬೇಕಾಯಿತು. ಒಬ್ಬ ಉಪನಿರ್ದೇಶಕನಿಗೆ ಇದಕ್ಕಿಂತ ಪೂರ್ಣವಾದ ನಿರ್ಗಮನ ಇರಲಾರದು.

ಇಂಥ ಸ್ಥಿತಿಯಲ್ಲಿ ಅವರು ಎತ್ತಿಕೊಂಡ ಪ್ರಶ್ನೆ ಮಾತ್ರ ರಾಜಕೀಯ ವಿಭಾಗದಿಂದಲೇ ಬಂದದ್ದು. 1927ರ ಸೋಲಿನ ಬಳಿಕ ಚೀನಾದ ಸಮಾಜ ಎಂಥದು, ಅದು ಯಾವ ಘಟ್ಟಗಳನ್ನು ದಾಟಿ ಬಂದಿದೆ ಎಂಬ ವಾದವಿವಾದ ಆರಂಭವಾಗಿತ್ತು. ಮಾರ್ಕ್ಸ್ ಮತ್ತು ಎಂಗೆಲ್ಸ್ ಗುರುತಿಸಿದ ಸಾಮಾಜಿಕ ಘಟ್ಟಗಳು ಚೀನಾದಲ್ಲೂ ಇದ್ದವೆಂದು ತೋರಿಸಲು ಹೊರಟ ಗುವೊ ಅವರಿಗೆ ಗ್ರಂಥಸ್ಥ ಆಕರಗಳ ಮಿತಿ ಬೇಗ ಅರಿವಾಯಿತು. ಪ್ರಾಚೀನ ಗ್ರಂಥಗಳು ಕಾಲಕಾಲಕ್ಕೆ ತಿದ್ದುಪಡಿಗೆ ಒಳಗಾಗಿದ್ದವು. ಆದ್ದರಿಂದ ಅವರು ಸಮಕಾಲೀನ ಬರೆಹಗಳಾದ ಎಲುಬಿನ ಮತ್ತು ಕಂಚಿನ ಶಾಸನಗಳತ್ತ ತಿರುಗಿದರು.

ಶಾಂಗ್ ಅರಸರು ಆಮೆಯ ಚಿಪ್ಪು ಮತ್ತು ದನದ ಹೆಗಲೆಲುಬುಗಳನ್ನು ಕಾಯಿಸಿ, ಮೂಡಿದ ಬಿರುಕುಗಳಿಂದ ಶುಭಾಶುಭಗಳನ್ನು ತಿಳಿಯುತ್ತಿದ್ದರು. ಪ್ರಶ್ನೆಯನ್ನು ಅದರ ಮೇಲೆಯೇ ಕೊರೆಯಿಸುತ್ತಿದ್ದರು. ಈ ಬರೆಹಗಳ ಮಹತ್ವ ವಿದ್ವಾಂಸರ ಗಮನಕ್ಕೆ ಬಂದದ್ದು 1899ರಲ್ಲಿ. ಲುವೊ ಝೆನ್‌ಯೂ ಮತ್ತು ವಾಂಗ್ ಗುವೊವೈ ಅವರು ಅವುಗಳ ವಾಚನಕ್ಕೆ ಬುನಾದಿ ಹಾಕಿದ್ದರು. ಆನ್ಯಾಂಗ್‌ನಲ್ಲಿ ವೈಜ್ಞಾನಿಕ ಉತ್ಖನನ ಆರಂಭವಾದದ್ದು ಗುವೊ ಅವರು ಜಪಾನಿಗೆ ಹೋದ 1928ರಲ್ಲೇ. ಉತ್ಖನನದ ನೆಲದಿಂದ ದೂರವಿದ್ದ ಅವರು ಟೋಕಿಯೋದ ತೋಯೋ ಬುಂಕೊ ಗ್ರಂಥಾಲಯದಲ್ಲಿ ಪಡಿಯಚ್ಚುಗಳನ್ನು ಓದಿದರು. ಬೀಜಿಂಗ್‌ನ ಯೆಂಚಿಂಗ್ ವಿಶ್ವವಿದ್ಯಾಲಯದ ರೋಂಗ್ ಗೆಂಗ್ ಅವರೊಡನೆ ಮುಖಪರಿಚಯವಿಲ್ಲದೆಯೇ ಪತ್ರವ್ಯವಹಾರ ಬೆಳೆಯಿತು. ರೋಂಗ್ ಅವರು ಅಂಚೆಯಲ್ಲಿ ಪುಸ್ತಕಗಳನ್ನು ಎರವಲು ಕಳಿಸುತ್ತಿದ್ದರು. ಆ ಪತ್ರಗಳ ತಿರುಳು ಅಕ್ಷರಗಳ ಚರ್ಚೆ. ರಾಜಕೀಯ ನಿಲುವಿನ ಅಂತರ ಅದಕ್ಕೆ ಅಡ್ಡಿಯಾಗಲಿಲ್ಲ.

1930ರಲ್ಲಿ 'ಪ್ರಾಚೀನ ಚೀನೀ ಸಮಾಜದ ಅಧ್ಯಯನ', 1931ರಲ್ಲಿ ಎಲುಬಿನ ಲಿಪಿಯನ್ನು ಕುರಿತ ಕೃತಿ, 1932ರಲ್ಲಿ ಝೌ ಕಾಲದ ಕಂಚಿನ ಶಾಸನಗಳ ಸಂಕಲನ, 1933ರಲ್ಲಿ ಎಲುಬಿನ ಶಾಸನಗಳ ವರ್ಗೀಕೃತ ಸಂಪುಟ ಹೊರಬಂದವು. ಇವುಗಳಲ್ಲಿ ಕಂಚಿನ ಶಾಸನಗಳ ಕೃತಿಯ ವಿಧಾನವನ್ನು ವಿಶೇಷವಾಗಿ ಗಮನಿಸಬೇಕು. ಅದುವರೆಗಿನ ಸಂಗ್ರಾಹಕರು ಪಾತ್ರೆಗಳನ್ನು ಆಕಾರಕ್ಕೆ ಅಥವಾ ಅಕ್ಷರಗಳ ಸಂಖ್ಯೆಗೆ ಅನುಗುಣವಾಗಿ ಜೋಡಿಸುತ್ತಿದ್ದರು. ಗುವೊ ಅವರು ಮೊದಲು ಯಾವ ಅರಸನ ಕಾಲದ್ದೆಂದು ತನ್ನ ಪಾಠದಿಂದಲೇ ಖಚಿತಪಡುವ ಪಾತ್ರೆಗಳನ್ನು ಆರಿಸಿ ಪ್ರಮಾಣಪಾತ್ರೆಗಳೆಂದು ನಿಲ್ಲಿಸಿದರು. ಬಳಿಕ ಅವುಗಳಲ್ಲಿ ಬರುವ ವ್ಯಕ್ತಿನಾಮ, ಘಟನೆ, ಪದಪ್ರಯೋಗ, ಅಕ್ಷರದ ರೂಪ, ಪಾತ್ರೆಯ ಅಲಂಕಾರಗಳನ್ನು ಹೋಲಿಸಿ ಉಳಿದವನ್ನು ಅವುಗಳ ಸುತ್ತ ಸೇರಿಸಿದರು. ಪಶ್ಚಿಮ ಝೌ ಕಾಲದವನ್ನು ಅರಸರ ಅನುಕ್ರಮದಲ್ಲೂ ಅನಂತರದವನ್ನು ರಾಜ್ಯವಾರಾಗಿಯೂ ಹೊಂದಿಸಿದರು. 1935ರ ವಿಸ್ತೃತ ಆವೃತ್ತಿಯಲ್ಲಿ 300ಕ್ಕೂ ಹೆಚ್ಚು ಪಾತ್ರೆಗಳಿಗೆ ಹೀಗೆ ಸ್ಥಾನ ದೊರೆಯಿತು. ತೇದಿಯಿಲ್ಲದ ಶಾಸನಗಳೊಡನೆ ಕೆಲಸ ಮಾಡುವ ಯಾರಿಗೂ ಈ ವಿಧಾನದ ಬೆಲೆಯನ್ನು ವಿವರಿಸಬೇಕಾಗಿಲ್ಲ. ಚದುರಿದ ವಸ್ತುಗಳ ರಾಶಿ ಇಲ್ಲಿ ಚರಿತ್ರೆಯ ಆಕರವಾಯಿತು.

ಈ ಹತ್ತು ವರ್ಷಗಳ ಬರವಣಿಗೆಯಲ್ಲಿ ಎರಡು ಪದರಗಳಿವೆ. ಸಾಮಾಜಿಕ ಘಟ್ಟಗಳ ಚೌಕಟ್ಟು ಮೊದಲೇ ಸಿದ್ಧವಾಗಿ ಬಂದದ್ದು. ಗುಲಾಮ ಸಮಾಜ ಮುಗಿದು ಊಳಿಗಮಾನ್ಯ ಸಮಾಜ ಆರಂಭವಾದ ಕಾಲವನ್ನು ಗುವೊ ಅವರೇ ಮುಂದೆ ಬದಲಾಯಿಸಿ, 1950ರ ದಶಕದಲ್ಲಿ ಕದನರಾಜ್ಯಗಳ ಯುಗದ ಆರಂಭಕ್ಕೆ ತಂದರು. ಆದರೆ ಪಾತ್ರೆಗಳ ಕಾಲಾನುಕ್ರಮ ಮತ್ತು ಅನೇಕ ಅಕ್ಷರಗಳ ವಾಚನ ಆ ಚೌಕಟ್ಟನ್ನು ಒಪ್ಪದ ವಿದ್ವಾಂಸರಿಗೂ ಉಪಯುಕ್ತವಾದವು. ಲುವೊ, ವಾಂಗ್, ಡಾಂಗ್ ಜುವೊಬಿನ್ ಅವರೊಡನೆ ಗುವೊ ಅವರನ್ನೂ ಸೇರಿಸಿ ಎಲುಬಿನ ಶಾಸನಾಧ್ಯಯನದ ನಾಲ್ವರು ಆಚಾರ್ಯರೆಂದು ಗುರುತಿಸುವುದು ವಾಡಿಕೆಯಾಗಿದೆ. ಪ್ರಶ್ನೆ ಸಂಘಟನೆಯದಾಗಿದ್ದರೂ ಉತ್ತರವನ್ನು ಯಾರೂ ಮುಂಚಿತವಾಗಿ ನಿಗದಿಪಡಿಸಿರಲಿಲ್ಲ. ಅಕ್ಷರ ಒಪ್ಪದಿದ್ದರೆ ಊಹೆಯನ್ನು ಕೈಬಿಡಲು ಅವರಿಗೆ ಯಾರ ಅನುಮತಿಯೂ ಬೇಕಿರಲಿಲ್ಲ.

5. ಮೂರನೆಯ ಕಚೇರಿ

1937ರ ಜುಲೈ 7ರಂದು ಜಪಾನ್ ಮತ್ತು ಚೀನಾಗಳ ನಡುವೆ ಪೂರ್ಣಪ್ರಮಾಣದ ಯುದ್ಧ ಸಿಡಿಯಿತು. ಜುಲೈ 25ರ ನಸುಕಿನಲ್ಲಿ ಗುವೊ ಅವರು ಮಲಗಿದ್ದ ಮಕ್ಕಳನ್ನು ಎಬ್ಬಿಸದೆ ಇಚಿಕಾವಾದ ಮನೆಯಿಂದ ಹೊರಬಿದ್ದು ಚೀನಾಕ್ಕೆ ಮರಳಿದರು. ಈ ನಿರ್ಧಾರವನ್ನು ದೇಶಭಕ್ತಿಯ ಆದರ್ಶವಾಗಿ ವರ್ಣಿಸುವ ಬರೆಹಗಳು ಅದರ ಬೆಲೆಯನ್ನು ತೆತ್ತವರನ್ನು ಮರೆಯುವುದುಂಟು. ತೊಮಿಕೊ ಅವರು ಪೊಲೀಸರ ಕಿರುಕುಳದ ನಡುವೆ ಐವರು ಮಕ್ಕಳನ್ನು ಒಬ್ಬಂಟಿಯಾಗಿ ಸಾಕಿದರು. 1948ರಲ್ಲಿ ಹಾಂಗ್‌ಕಾಂಗಿಗೆ ಪತಿಯನ್ನು ಹುಡುಕಿಕೊಂಡು ಬಂದಾಗ ಅವರಿಗೆ ಇನ್ನೊಂದು ಸಂಸಾರವಿರುವುದು ಕಣ್ಣಿಗೆ ಬಿತ್ತು.

ಎರಡು ಪಕ್ಷಗಳು ಮತ್ತೆ ಕೈಜೋಡಿಸಿದ್ದ ಆ ಕಾಲದಲ್ಲಿ ಸೈನಿಕ ಆಯೋಗದ ರಾಜಕೀಯ ವಿಭಾಗವನ್ನು ಪುನರ್ರಚಿಸಲಾಯಿತು. ಮುಖ್ಯಸ್ಥರು ಚೆನ್ ಚೆಂಗ್, ಉಪಮುಖ್ಯಸ್ಥರಲ್ಲಿ ಚೌ ಎನ್-ಲಾಯ್ ಒಬ್ಬರು. ಪ್ರಚಾರದ ಹೊಣೆ ಹೊತ್ತ ಮೂರನೆಯ ಕಚೇರಿ 1938ರ ಏಪ್ರಿಲ್ 1ರಂದು ವೂಹಾನ್‌ನಲ್ಲಿ ಗುವೊ ಅವರ ನೇತೃತ್ವದಲ್ಲಿ ಆರಂಭವಾಯಿತು. ನಾಟಕಕಾರ ತಿಯಾನ್ ಹಾನ್, ಸಂಗೀತಗಾರ ಷಿಯಾನ್ ಶಿಂಗ್‌ಹಾಯ್, ಪತ್ರಿಕೋದ್ಯಮದ ಹೂ ಯೂಝಿ ಮುಂತಾದವರು ಅಲ್ಲಿ ಒಟ್ಟುಗೂಡಿದರು. ರಣರಂಗಕ್ಕೆ ನಾಟಕ ತಂಡಗಳನ್ನು ಕಳಿಸಲಾಯಿತು. ಯುದ್ಧದ ಮೊದಲ ವರ್ಷಾಚರಣೆಯಂದು ವೂಹಾನ್‌ನಲ್ಲಿ ನಿಧಿಸಂಗ್ರಹ ನಡೆಯಿತು. ಅಕ್ಟೋಬರ್‌ನಲ್ಲಿ ಆ ನಗರ ಜಪಾನಿನ ವಶವಾದಾಗ ಕಚೇರಿ ಹಿಂದೆ ಸರಿಯುತ್ತ ಚೋಂಗ್‌ಚಿಂಗ್ ಸೇರಿತು.

ಅಲ್ಲಿ ಮೈತ್ರಿ ಸಡಿಲವಾಯಿತು. ಕುವೊಮಿಂಟಾಂಗ್ ಸದಸ್ಯತ್ವದ ಒತ್ತಾಯ ಬಂದಾಗ 1940ರಲ್ಲಿ ಗುವೊ ಮತ್ತು ಸಂಗಡಿಗರು ಕಚೇರಿಯನ್ನು ತೊರೆದರು. ಅವರನ್ನು ಕೈಬಿಟ್ಟರೆ ಅವರು ಯೆನಾನ್ ಸೇರುವ ಭಯವಿದ್ದುದರಿಂದ, ಅಧಿಕಾರವಿಲ್ಲದ ಸಾಂಸ್ಕೃತಿಕ ಕಾರ್ಯಸಮಿತಿಯೊಂದನ್ನು ರಚಿಸಿ ಗುವೊ ಅವರನ್ನು ಅದರ ಮುಖ್ಯಸ್ಥರನ್ನಾಗಿ ಮಾಡಲಾಯಿತು. ಹೆಸರಿಗೆ ಕಚೇರಿ, ಕೆಲಸಕ್ಕೆ ಬಿಡುವು ಎಂಬಂಥ ಈ ಅರೆನಿರ್ಗಮನ ಮತ್ತೆ ಫಲವತ್ತಾಯಿತು. 1941-43ರ ಅವಧಿಯಲ್ಲಿ ಆರು ಐತಿಹಾಸಿಕ ನಾಟಕಗಳು ಬಂದವು. ಅವುಗಳಲ್ಲಿ ಪ್ರಸಿದ್ಧವಾದ 'ಚೂ ಯುವಾನ್' 1942ರ ಜನವರಿಯಲ್ಲಿ ಸುಮಾರು ಹತ್ತು ದಿನಗಳಲ್ಲಿ ಮುಗಿಯಿತು. 1945ರಲ್ಲಿ ಪ್ರಕಟವಾದ 'ಹತ್ತು ವಿಮರ್ಶೆಗಳು' ಪ್ರಾಚೀನ ಚಿಂತಕರನ್ನು ಕುರಿತದ್ದು. ಅದರ ಮೊದಲ ಅಧ್ಯಾಯದಲ್ಲಿ 1930ರ ತಮ್ಮ ಕೃತಿಯ ತಪ್ಪುಗಳನ್ನು ಅವರೇ ಪಟ್ಟಿಮಾಡಿದರು. ಕನ್ಫ್ಯೂಷಿಯಸ್‌ನಲ್ಲಿ ಜನಪರ ಅಂಶವನ್ನು ಕಂಡರು. ಚಿನ್ ಸಾಮ್ರಾಟನ ದಬ್ಬಾಳಿಕೆಯನ್ನು ಟೀಕಿಸಿದರು.

ಇದೇ ಅವಧಿಯಲ್ಲಿ ಮುಂದಿನ ಬದುಕಿನ ಸೂಚನೆಯೂ ದೊರೆಯಿತು. 1644ರಲ್ಲಿ ಬೀಜಿಂಗನ್ನು ಗೆದ್ದ ರೈತಬಂಡಾಯ ಗೆಲುವಿನ ಅಮಲಿನಿಂದಲೇ ಕುಸಿದುದನ್ನು ಕುರಿತು 1944ರ ಮಾರ್ಚ್‌ನಲ್ಲಿ ಅವರು ಬರೆದ ಪ್ರಬಂಧವನ್ನು ಮಾವೊ ಅವರು ಯೆನಾನ್‌ನಲ್ಲಿ ಪಕ್ಷದ ಕಾರ್ಯಕರ್ತರ ಅಧ್ಯಯನ ಪಠ್ಯವಾಗಿಸಿದರು. ಚರಿತ್ರೆಕಾರನ ಬರೆಹ ರಾಜಕೀಯ ಶಿಕ್ಷಣದ ಸಾಮಗ್ರಿಯಾಯಿತು.

6. ಅಕಾಡೆಮಿಯ ಅಧ್ಯಕ್ಷತೆ

1949ರಲ್ಲಿ ಜನತಾ ಗಣರಾಜ್ಯ ಸ್ಥಾಪನೆಯಾದಾಗ ಗುವೊ ಅವರು ಆಡಳಿತ ಮಂಡಲಿಯ ಉಪಪ್ರಧಾನಿ, ಸಂಸ್ಕೃತಿ ಮತ್ತು ಶಿಕ್ಷಣ ಸಮಿತಿಯ ನಿರ್ದೇಶಕ, ಸಾಹಿತ್ಯ ಮತ್ತು ಕಲಾವಿದರ ಒಕ್ಕೂಟದ ಅಧ್ಯಕ್ಷ, ವಿಜ್ಞಾನ ಅಕಾಡೆಮಿಯ ಅಧ್ಯಕ್ಷರಾದರು. 1958ರಲ್ಲಿ ಸ್ಥಾಪನೆಯಾದ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯಕ್ಕೂ ಅವರೇ ಮೊದಲ ಮುಖ್ಯಸ್ಥರು. ಇವೆಲ್ಲ ನಾಗರಿಕ ಹುದ್ದೆಗಳು. ಸಂಸ್ಥೆಗಳನ್ನು ಕಟ್ಟುವುದರಲ್ಲಿ ಮೂರನೆಯ ಕಚೇರಿಯ ಅನುಭವ ನೆರವಾಗಿರಬೇಕು. ಆದರೆ ಪ್ರಭುತ್ವದ ನಿಲುವಿಗೆ ಮಾತು ಒದಗಿಸುವ ಹಳೆಯ ಹೊಣೆಯೂ ಈ ಹುದ್ದೆಗಳೊಡನೆ ಬಂತು. ಸೈನ್ಯದಲ್ಲಿ ಅದು ದಂಡಯಾತ್ರೆಯ ಅವಧಿಗೆ ಸೀಮಿತವಾಗಿತ್ತು. ಇಲ್ಲಿ ಅದಕ್ಕೆ ಕೊನೆಯಿರಲಿಲ್ಲ.

ಪದವಿಯ ಬಲ ವಿದ್ವತ್ತಿನ ಎಚ್ಚರವನ್ನು ಮೀರಿದ ಉದಾಹರಣೆಯೆಂದರೆ ಮಿಂಗ್ ಸಾಮ್ರಾಟ ವಾನ್‌ಲಿಯ ಸಮಾಧಿಯ ಉತ್ಖನನ. ಗುವೊ ಮತ್ತು ಇತಿಹಾಸಕಾರ ವೂ ಹಾನ್ ಅದರ ಪರವಾಗಿದ್ದರು. ಝೆಂಗ್ ಝೆನ್‌ಡುವೊ ಮತ್ತು ಪುರಾತತ್ತ್ವಜ್ಞ ಷಿಯಾ ನಾಯ್ ಅವರು, ದೊರೆತ ವಸ್ತುಗಳನ್ನು ಕಾಪಾಡುವ ತಂತ್ರ ಇನ್ನೂ ಕೈಗೂಡಿಲ್ಲವೆಂದು ವಿರೋಧಿಸಿದರು. 1956ರಲ್ಲಿ ಕೆಲಸ ಆರಂಭವಾಗಿ ಮರುವರ್ಷ ಸಮಾಧಿಯನ್ನು ತೆರೆಯಲಾಯಿತು. ಅಲ್ಲಿದ್ದ ರೇಷ್ಮೆಯ ವಸ್ತ್ರಗಳು ಗಾಳಿಬೆಳಕಿಗೆ ಸಿಕ್ಕಿ ಹಾಳಾದವು. 1966ರಲ್ಲಿ ಕೆಂಪು ಕಾವಲುಪಡೆಯವರು ಸಾಮ್ರಾಟನ ಅಸ್ಥಿಗಳನ್ನು ಸುಟ್ಟರು.

ಹಳೆಯ ಶಾಸನತಜ್ಞ ಪೂರ್ತಿ ಮರೆಯಾಗಿರಲಿಲ್ಲ. 1965ರಲ್ಲಿ ನಾಂಜಿಂಗ್ ಬಳಿ ದೊರೆತ ಸಮಾಧಿಶಾಸನಗಳ ಲಿಪಿಯನ್ನು ಆಧಾರವಾಗಿಟ್ಟುಕೊಂಡು, ವಾಂಗ್ ಷಿಝಿಯ ಕೈಬರಹವೆಂದು ಪೂಜೆಗೊಳ್ಳುತ್ತಿದ್ದ ಪ್ರಸಿದ್ಧ ಲಾಂಟಿಂಗ್ ಮುನ್ನುಡಿಯ ಅಧಿಕೃತತೆಯನ್ನು ಪ್ರಶ್ನಿಸಿದರು. ಅವರ ತೀರ್ಮಾನವನ್ನು ಹಲವರು ಒಪ್ಪಲಿಲ್ಲ. ಆದರೂ ವಾದ ಲಿಪಿಯ ನೆಲೆಯಲ್ಲೇ ನಡೆಯಿತು.

ಮರುವರ್ಷ ಅದಕ್ಕೂ ಅವಕಾಶವಿಲ್ಲದಾಯಿತು. 1966ರ ಏಪ್ರಿಲ್ 14ರಂದು, ಸಾಂಸ್ಕೃತಿಕ ಕ್ರಾಂತಿಯ ಹೊಸ್ತಿಲಲ್ಲಿ, ರಾಷ್ಟ್ರೀಯ ಜನತಾ ಸಭೆಯ ಸ್ಥಾಯಿ ಸಮಿತಿಯಲ್ಲಿ ಗುವೊ ಅವರು ಇಂದಿನ ಮಾನದಂಡದಿಂದ ನೋಡಿದರೆ ತಾವು ಅದುವರೆಗೆ ಬರೆದುದೆಲ್ಲ ಸುಡಲು ಯೋಗ್ಯವೆಂದು ಹೇಳಿದರು. ಹೇಳಿಕೆ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಚೌ ಎನ್-ಲಾಯ್ ಅವರು ಸಿದ್ಧಪಡಿಸಿದ ರಕ್ಷಣೆಗೆ ಅರ್ಹರಾದವರ ಪಟ್ಟಿಯಲ್ಲಿ ಗುವೊ ಅವರ ಹೆಸರಿತ್ತು. ಆ ರಕ್ಷಣೆ ಮಕ್ಕಳಿಗೆ ದಕ್ಕಲಿಲ್ಲ. 1967 ಮತ್ತು 1968ರ ಏಪ್ರಿಲ್ ತಿಂಗಳುಗಳಲ್ಲಿ ಅವರ ಇಬ್ಬರು ಪುತ್ರರು ತೀರಿಕೊಂಡರು. ಒಬ್ಬರದು ಆತ್ಮಹತ್ಯೆ, ಇನ್ನೊಬ್ಬರು ಕೆಂಪು ಕಾವಲುಪಡೆಯವರ ಸೆರೆಯಲ್ಲಿದ್ದಾಗ ಸತ್ತರು. ತಂದೆ ಬಹಿರಂಗವಾಗಿ ಮಾತಾಡಲಿಲ್ಲ. ಎರಡನೆಯ ಮಗನ ದಿನಚರಿಗಳನ್ನು ಕುಂಚ ಹಿಡಿದು ತಮ್ಮ ಕೈಯಲ್ಲಿ ಪ್ರತಿಮಾಡಿದರು. ಎಲುಬಿನ ಮೇಲಿನ ಗೀರುಗಳನ್ನು ಪ್ರತಿಮಾಡಿ ಅಭ್ಯಾಸವಾಗಿದ್ದ ಕೈಗೆ ಉಳಿದಿದ್ದ ಕೆಲಸ ಅದು.

1971ರಲ್ಲಿ ಬಂದ 'ಲಿ ಬಾಯ್ ಮತ್ತು ದೂ ಫು' ಕೃತಿಯಲ್ಲಿ ಅವರು ದೂ ಫು ಕವಿಯನ್ನು ಜಮೀನುದಾರ ವರ್ಗದವನೆಂದು ಕೆಳಗಿಳಿಸಿದರು. ಮಾವೊ ಅವರಿಗೆ ಲಿ ಬಾಯ್ ಹೆಚ್ಚು ಪ್ರಿಯನೆಂಬುದು ಎಲ್ಲರಿಗೂ ತಿಳಿದಿತ್ತು. ಇಷ್ಟಾದರೂ 1973-74ರಲ್ಲಿ ಕನ್ಫ್ಯೂಷಿಯಸ್ ವಿರೋಧಿ ಚಳವಳಿ ನಡೆದಾಗ, ಮೂವತ್ತು ವರ್ಷ ಹಿಂದಿನ 'ಹತ್ತು ವಿಮರ್ಶೆಗಳು' ಅವರಿಗೆ ಮುಳುವಾಯಿತು. 1974ರ ಜನವರಿಯ ಸಭೆಯೊಂದರಲ್ಲಿ ಎಂಬತ್ತು ದಾಟಿದ ವಿದ್ವಾಂಸರನ್ನು ಎದ್ದು ನಿಲ್ಲಿಸಿ ಅವಮಾನಿಸಲಾಯಿತು. ಎಷ್ಟು ವಿಧೇಯರಾದರೂ ಬಿಡುವಿದ್ದಾಗ ಬರೆದ ಸ್ವತಂತ್ರ ಮಾತು ಲೆಕ್ಕಕ್ಕೆ ಬಂದೇಬಂತು.

7. ಸಮಾರೋಪ

1978ರ ಮಾರ್ಚ್‌ನಲ್ಲಿ ನಡೆದ ರಾಷ್ಟ್ರೀಯ ವಿಜ್ಞಾನ ಸಮ್ಮೇಳನದಲ್ಲಿ ವಿಜ್ಞಾನದ ವಸಂತ ಬಂದಿತೆಂದು ಸಾರುವ ಗುವೊ ಅವರ ಭಾಷಣವನ್ನು ಇನ್ನೊಬ್ಬರು ಓದಿದರು. ಅವರಿಗೆ ಓದುವ ಶಕ್ತಿಯಿರಲಿಲ್ಲ. ಜೂನ್ 12ರಂದು ಬೀಜಿಂಗ್‌ನಲ್ಲಿ ನಿಧನರಾದರು. ಅವರ ಇಚ್ಛೆಯಂತೆ ಚಿತಾಭಸ್ಮವನ್ನು ದಾಝಾಯ್ ಗ್ರಾಮದ ಹೊಲಗಳಲ್ಲಿ ಚೆಲ್ಲಲಾಯಿತು. ಆ ಗ್ರಾಮ ಮಾವೊ ಯುಗದ ಕೃಷಿಪ್ರಚಾರದ ಮಾದರಿಯಾಗಿತ್ತು ಎಂಬುದನ್ನು ನೆನೆಯಬೇಕು.

ಗುವೊ ಅವರನ್ನು ಅವಕಾಶವಾದಿಯೆಂದು ತಳ್ಳಿಹಾಕುವುದು ಸುಲಭ. 1927ರ ಮಾರ್ಚ್ 31ರ ಲೇಖನ ಆ ತೀರ್ಪಿಗೆ ಅಡ್ಡಬರುತ್ತದೆ. ರಾಜಕೀಯ ವಿಭಾಗದ ಅನುಭವ ವಿದ್ವತ್ತಿಗೆ ಹಾನಿಕರವೆಂದೂ ಹೇಳಲಾಗದು. ಶಾಸನಗಳತ್ತ ಅವರನ್ನು ಕೊಂಡೊಯ್ದ ಪ್ರಶ್ನೆ ಅಲ್ಲಿಯದೇ. ವ್ಯತ್ಯಾಸವಿರುವುದು ನಿರ್ಗಮನದ ಬಗೆಯಲ್ಲಿ. ಇಚಿಕಾವಾದಲ್ಲಿ ಸಂಘಟನೆ ಹಿಂದುಳಿದು ಪ್ರಶ್ನೆ ಜೊತೆಗೆ ಬಂತು. ಬೀಜಿಂಗ್‌ನಲ್ಲಿ ಸಂಘಟನೆ ಜೊತೆಗೆ ಬಂದು ಪ್ರಶ್ನೆ ಹಿಂದುಳಿಯಿತು. ನಾಗರಿಕ ಹುದ್ದೆಯೆಂಬ ಹೆಸರು ಒಂದೇ ಇದ್ದರೂ ಅವುಗಳೊಳಗೆ ವಿದ್ವಾಂಸನಿಗಿದ್ದ ಅವಕಾಶ ಒಂದೇ ಆಗಿರಲಿಲ್ಲ.

ಅವರು ಪ್ರಧಾನ ಸಂಪಾದಕರಾಗಿದ್ದ ಎಲುಬಿನ ಶಾಸನಗಳ ಬೃಹತ್ ಸಂಗ್ರಹದ ಪ್ರಕಟಣೆ ಅವರು ತೀರಿಕೊಂಡ ವರ್ಷದಲ್ಲೇ ಆರಂಭವಾಗಿ 1982ರಲ್ಲಿ ಮುಗಿಯಿತು. ಹೂ ಹೌಷುವಾನ್ ಅವರ ಮೇಲ್ವಿಚಾರಣೆಯಲ್ಲಿ ಸಿದ್ಧವಾದ ಆ 13 ಸಂಪುಟಗಳಲ್ಲಿ 41,000ಕ್ಕೂ ಹೆಚ್ಚು ತುಣುಕುಗಳಿವೆ. ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ ನಿಂತುಹೋಗಿದ್ದ ಆ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡು ಮುಗಿಸಲಾಗಿತ್ತು. ಶಾಂಗ್ ಕಾಲದ ಲಿಪಿಯನ್ನು ಅಭ್ಯಸಿಸುವವರು ಆ ಸಂಪುಟಗಳ ಕ್ರಮಸಂಖ್ಯೆಗಳಿಂದಲೇ ಶಾಸನಗಳನ್ನು ಗುರುತಿಸುತ್ತಾರೆ.